ಎಣಿಕೆಗೆ ಸಿಗದ ಜೀವ

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸದಲ್ಲಿ ಹುನಗುಂದ ತಾಲೂಕಿನ ಒಂದು ಗ್ರಾಮದಲ್ಲಿ ನಮ್ಮ ಪ್ರವಚನ ನಡೆದಿತ್ತು. ಅಂದಿನ ವಿಷಯ ‘ಸೃಷ್ಟಿ ಮತ್ತು ಮಾನವ’. ಮಾತಿನ ಓಟದಲ್ಲಿ ನಾವು ಒಂದು ದೃಷ್ಟಾಂತವನ್ನು ಕೊಟ್ಟೆವು. ಅಮೆರಿಕೆಯ ಲೇಖಕರೊಬ್ಬರು ಬರೆದ ಕಾದಂಬರಿಯಲ್ಲಿ ವಿಜ್ಞಾನಿಗಳು ಭೂಮಿಯಿಂದ ಅಳಿದುಹೋದ ದೈತ್ಯ ಪ್ರಾಣಿಗಳನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಹುಟ್ಟಿಸುತ್ತಾರೆ. ಹುಟ್ಟಿಸಿದವರನ್ನೇ ಆ ಪ್ರಾಣಿಗಳು ತಿಂದುಹಾಕುತ್ತವೆ. ಜೀವದ ಬೀಜಕ್ಕೆ ಕೈಹಾಕಿದವರಿಗೆ ಇದೇ ಗತಿ. ಆದುದರಿಂದ ಇದು ವಿದ್ಯೆಯಲ್ಲ, ಅವಿದ್ಯೆ - ಎಂದು ಹೇಳಿದೆವು. ಸಭೆ ತಲೆದೂಗಿತು. ನಮಗೂ ಸಂತೋಷವಾಯಿತು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಶ್ರಾವಣ ಮುಗಿದ ಮೇಲೆ ಅದೇ ಗ್ರಾಮದ ಭಕ್ತರೊಬ್ಬರು, ಹತ್ತಿ ಬೆಳೆಯುವ ಒಕ್ಕಲಿಗರು, ತಮ್ಮ ಮಗಳನ್ನು ಕರೆದುಕೊಂಡು ಮಠಕ್ಕೆ ಬಂದರು. ಆಕೆ ಬಿ.ಎಸ್ಸಿ. ಮುಗಿಸಿದ್ದಳು, ತಳಿವಿಜ್ಞಾನದ ಸ್ನಾತಕೋತ್ತರ ತರಗತಿಗೆ ಅವಳಿಗೆ ಪ್ರವೇಶ ದೊರೆತಿತ್ತು. ತಂದೆ ಕೈಮುಗಿದು, “ಅಪ್ಪಾರ, ಇದು ಕಲಿಯೂ ವಿದ್ಯೆ ಅಲ್ಲ ಅಂತ ನೀವ ಹೇಳೀರಿ. ಈಕಿ ಕೇಳವಲ್ಲಳು. ನೀವ ತಿಳಿಸಿ ಹೇಳ್ರಿ,” ಎಂದರು. ಮಗಳು ನಮಸ್ಕರಿಸಿ ಎದ್ದು, ತಲೆ ತಗ್ಗಿಸಿಕೊಂಡೇ ಒಂದು ಪ್ರಶ್ನೆ ಕೇಳಿದಳು: “ಅಪ್ಪಾರ, ಆ ಪುಸ್ತಕಾ ನೀವು ಓದೀರೇನ್ರಿ?”

ನಾವು ಓದಿರಲಿಲ್ಲ. ೧೯೯೩ರಲ್ಲಿ ಆ ಕಾದಂಬರಿ ಚಲನಚಿತ್ರವಾಗಿ ಬಂದಾಗ ನಾವು ಧಾರವಾಡದಲ್ಲಿ ವ್ಯಾಸಂಗ ಮಾಡುತ್ತಿದ್ದೆವು. ಸಹಪಾಠಿಗಳು ಚಿತ್ರ ನೋಡಿ ಬಂದು ಕಥೆ ಹೇಳಿದ್ದರು. ಆ ಕೇಳಿದ ಕಥೆಯನ್ನೇ ಮೂವತ್ತು ವರ್ಷಗಳ ಕಾಲ ಬುತ್ತಿಯಂತೆ ಕಟ್ಟಿಕೊಂಡು ಊರೂರಿಗೆ ಒಯ್ದಿದ್ದೆವು. ಒಂದು ಗ್ರಂಥವನ್ನು ಓದದೆ ಅದರ ಮೇಲೆ ತೀರ್ಪು ಕೊಡುವುದು, ಆ ತೀರ್ಪು ಒಂದು ಮಗುವಿನ ಓದಿಗೆ ಅಡ್ಡಬರುವುದು - ಇವೆರಡೂ ಗುರುಸ್ಥಾನದಲ್ಲಿರುವವರಿಗೆ ಶೋಭಿಸತಕ್ಕವಲ್ಲ. “ತಂಗಿ, ಎಂಟು ದಿನ ಬಿಟ್ಟು ಬಾ, ಆ ಪುಸ್ತಕ ನಿನ್ನಲ್ಲಿದ್ದರೆ ಕೊಟ್ಟುಹೋಗು,” ಎಂದೆವು. ಅವಳ ಚೀಲದಲ್ಲಿಯೇ ಅದು ಇತ್ತು. ಈ ಲೇಖನವು ಆ ಓದಿನ ಫಲ; ನಮ್ಮ ಪ್ರವಚನಕ್ಕೆ ನಾವೇ ಬರೆದುಕೊಂಡ ತಿದ್ದುಪಡಿ ಎಂದರೂ ಸಲ್ಲುತ್ತದೆ.

ಕಾದಂಬರಿಯ ಹೆಸರು ‘ಜುರಾಸಿಕ್ ಪಾರ್ಕ್’; ಪ್ರಕಟವಾದದ್ದು ೧೯೯೦ರಲ್ಲಿ. ಲೇಖಕರಾದ ಮೈಕೆಲ್ ಕ್ರೈಟನ್ (೧೯೪೨-೨೦೦೮) ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ ಪದವಿ ಪಡೆದು, ವೈದ್ಯವೃತ್ತಿಗೆ ಹೋಗದೆ ಲೇಖನಿ ಹಿಡಿದವರು. ಕಥೆಯ ತಿರುಳು ಇಷ್ಟು: ಜಾನ್ ಹ್ಯಾಮಂಡ್ ಎಂಬ ಧನಿಕನು ಕೋಸ್ಟರಿಕಾ ದೇಶದ ಕರಾವಳಿಯಾಚೆಯ ಒಂದು ದ್ವೀಪವನ್ನು ಹಿಡಿದು ಅಲ್ಲಿ ವಿಹಾರೋದ್ಯಾನವೊಂದನ್ನು ಕಟ್ಟುತ್ತಾನೆ. ಪ್ರಾಚೀನ ಕಾಲದಲ್ಲಿ ಡೈನೊಸಾರ್‌ಗಳ ರಕ್ತ ಹೀರಿದ ಕೀಟಗಳು ಮರದ ಅಂಟಿನಲ್ಲಿ ಸಿಕ್ಕಿಕೊಂಡು, ಆ ಅಂಟು ಗಟ್ಟಿಯಾಗಿ ಕಲ್ಲಿನಂತಾಗಿದೆ. ಅದರಿಂದ ಆ ರಕ್ತದ ಡಿ.ಎನ್.ಎ.ಯನ್ನು ತೆಗೆದು, ಕಳೆದುಹೋದ ಭಾಗಗಳಿಗೆ ಕಪ್ಪೆ ಮೊದಲಾದ ಇಂದಿನ ಪ್ರಾಣಿಗಳ ಡಿ.ಎನ್.ಎ.ಯನ್ನು ತೇಪೆ ಹಚ್ಚಿ, ೧೫ ಜಾತಿಯ ಡೈನೊಸಾರ್‌ಗಳನ್ನು ಹುಟ್ಟಿಸಲಾಗುತ್ತದೆ. ಅವು ಮರಿಹಾಕಬಾರದೆಂದು ಎಲ್ಲವನ್ನೂ ಹೆಣ್ಣಾಗಿಯೇ ಬೆಳೆಸುತ್ತಾರೆ. ತಪ್ಪಿಸಿಕೊಂಡರೂ ಬದುಕಬಾರದೆಂದು, ಲೈಸಿನ್ ಎಂಬ ಪೋಷಕಾಂಶವನ್ನು ಮನುಷ್ಯನೇ ಕೊಟ್ಟರೆ ಮಾತ್ರ ಉಳಿಯುವಂತೆ ಅವುಗಳ ದೇಹವನ್ನು ತಿದ್ದುತ್ತಾರೆ. ಸುತ್ತಲೂ ವಿದ್ಯುತ್ ಬೇಲಿ. ನಡುವೆ ಎಲ್ಲವನ್ನೂ ನೋಡುವ ಗಣಕಯಂತ್ರ. ಇಷ್ಟೆಲ್ಲ ಭದ್ರತೆಯಿದ್ದ ಆ ಉದ್ಯಾನವು ಪರೀಕ್ಷಕರು ಬಂದ ಒಂದೆರಡು ದಿನಗಳಲ್ಲಿಯೇ ಕುಸಿದುಬೀಳುತ್ತದೆ.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಕಥೆಯ ಅಡಿಪಾಯವೇ ಸಡಿಲು. ಡಿ.ಎನ್.ಎ. ಅಷ್ಟು ಕಾಲ ಉಳಿಯುವ ವಸ್ತುವಲ್ಲ. ಇದುವರೆಗೆ ಓದಲು ಸಾಧ್ಯವಾದ ಅತಿ ಪ್ರಾಚೀನ ಡಿ.ಎನ್.ಎ. ಗ್ರೀನ್‌ಲ್ಯಾಂಡಿನ ಹಿಮನೆಲದಲ್ಲಿ ದೊರೆತದ್ದು. ೨೦೨೨ರಲ್ಲಿ ವರದಿಯಾದ ಅದರ ವಯಸ್ಸು ಸುಮಾರು ೨೦ ಲಕ್ಷ ವರ್ಷ. ಡೈನೊಸಾರ್‌ಗಳು ಅಳಿದದ್ದು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ. ಬಾದಾಮಿಯ ಮೇಣಬಸದಿಗಳನ್ನು ಕೊರೆದಿರುವ ಕೆಂಪು ಬಂಡೆಗಳಂತೂ ಡೈನೊಸಾರ್‌ಗಳು ಹುಟ್ಟುವುದಕ್ಕೂ ಕೋಟಿ ಕೋಟಿ ವರ್ಷ ಮೊದಲೇ ಮರಳಾಗಿ ಬಿದ್ದು ಕಲ್ಲಾದವು. ಆ ಬಂಡೆಯ ಮುಂದೆ ನಿಂತವರಿಗೆ ಕಾಲವೆಂಬುದು ಎಷ್ಟನ್ನು ಅರೆದು ಪುಡಿಮಾಡಿದೆಯೆಂಬುದು ತಾನಾಗಿ ತಿಳಿಯುತ್ತದೆ. ಆದರೆ ಕಾದಂಬರಿಯನ್ನು ಈ ಒಂದು ಕಾರಣಕ್ಕೆ ತಳ್ಳಿಹಾಕಲಾಗದು. ಕಥೆಗಾರನು ಒಂದು ಅಸಂಭವವನ್ನು ಒಪ್ಪಿಕೊಳ್ಳಿರೆಂದು ಕೇಳುವುದು ಎಲ್ಲ ಕಾಲದ ರೂಢಿ. ಒಪ್ಪಿಕೊಂಡ ಮೇಲೆ ಅವನು ನಮಗೆ ಯಾವ ಸತ್ಯವನ್ನು ಕಾಣಿಸುತ್ತಾನೆ ಎಂಬುದೇ ವಿಮರ್ಶೆಯ ಪ್ರಶ್ನೆ.

ಕ್ರೈಟನ್ನರು ಕಾಣಿಸುವ ಸತ್ಯವು ಹಲ್ಲು ಉಗುರುಗಳ ದೃಶ್ಯಗಳಲ್ಲಿಲ್ಲ. ಚಿತ್ರವನ್ನಷ್ಟೇ ಬಲ್ಲವರಿಗೆ ತಿಳಿಯದ, ಪುಸ್ತಕದ ನಡುವೆ ಬರುವ ಒಂದು ಸಪ್ಪೆ ಸನ್ನಿವೇಶದಲ್ಲಿ ಅದು ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಉದ್ಯಾನದ ಗಣಕಯಂತ್ರವು ದ್ವೀಪದ ಪ್ರಾಣಿಗಳನ್ನು ಕ್ಯಾಮೆರಾಗಳ ಮೂಲಕ ಹಗಲಿರುಳೂ ಎಣಿಸುತ್ತಿರುತ್ತದೆ. ಇರಬೇಕಾದ ಸಂಖ್ಯೆ ೨೩೮. ಯಂತ್ರವು ಪ್ರತಿಸಲವೂ ೨೩೮ ಎಂದೇ ಹೇಳುತ್ತದೆ, ಅಧಿಕಾರಿಗಳು ನೆಮ್ಮದಿಯಿಂದಿರುತ್ತಾರೆ. ಮ್ಯಾಲ್ಕಮ್ ಎಂಬ ಗಣಿತಜ್ಞನಿಗೆ ಸಂಶಯ ಬರುತ್ತದೆ. ೨೩೯ ಪ್ರಾಣಿಗಳನ್ನು ಹುಡುಕುವಂತೆ ಯಂತ್ರಕ್ಕೆ ಹೇಳಿರಿ ಎನ್ನುತ್ತಾನೆ. ಯಂತ್ರ ಹುಡುಕುತ್ತದೆ, ೨೩೯ ಸಿಗುತ್ತವೆ. ೩೦೦ ಹುಡುಕಲು ಹೇಳುತ್ತಾನೆ, ೨೯೨ ಸಿಗುತ್ತವೆ. ಎಲ್ಲಕ್ಕಿಂತ ಕ್ರೂರವಾದ ಜಾತಿಯಲ್ಲಿ ೮ ಇರಬೇಕಾದಲ್ಲಿ ೩೭ ಇರುತ್ತವೆ. ತೇಪೆ ಹಚ್ಚಿದ ಕಪ್ಪೆಯ ಡಿ.ಎನ್.ಎ.ಯ ಬಲದಿಂದ ಹೆಣ್ಣುಗಳಲ್ಲಿ ಕೆಲವು ಗಂಡಾಗಿ ಮಾರ್ಪಟ್ಟು ಸಂತಾನ ಬೆಳೆದಿರುತ್ತದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದನ್ನು ಸಿದ್ಧಪಡಿಸಿದವರು ಪ್ರಾಣಿಗಳು ಕಡಿಮೆಯಾಗಬಹುದೆಂದು ಅಂಜಿದ್ದರೇ ಹೊರತು ಹೆಚ್ಚಾಗಬಹುದೆಂದು ಎಣಿಸಿರಲಿಲ್ಲ. ತಾವು ಬಯಸಿದ ಸಂಖ್ಯೆ ಸಿಕ್ಕೊಡನೆ ಎಣಿಕೆಯನ್ನು ನಿಲ್ಲಿಸುವಂತೆ ಯಂತ್ರಕ್ಕೆ ಕಲಿಸಿದ್ದರು.

ಈ ಒಂದು ಸನ್ನಿವೇಶಕ್ಕಾಗಿ ಈ ಕಾದಂಬರಿಯನ್ನು ಓದಬಹುದು. ಜ್ಞಾನವು ಅನರ್ಥವನ್ನು ತರುತ್ತದೆಂದು ಲೇಖಕರು ಇಲ್ಲಿ ಹೇಳುತ್ತಿಲ್ಲ. ತನಗೆ ಬೇಕಾದಷ್ಟನ್ನೇ ಎಣಿಸಿ ಸಾಕೆನ್ನುವ ಜ್ಞಾನವು ಅನರ್ಥವನ್ನು ತರುತ್ತದೆಂದು ಹೇಳುತ್ತಿದ್ದಾರೆ. ಇವೆರಡರ ನಡುವೆ ಬಹಳ ಅಂತರವಿದೆ. ಮೊದಲನೆಯದನ್ನು ನಂಬಿದವನು ಮಗಳನ್ನು ಪ್ರಯೋಗಶಾಲೆಯಿಂದ ಹಿಂದಕ್ಕೆ ಕರೆಯುತ್ತಾನೆ. ಎರಡನೆಯದನ್ನು ಅರಿತವನು, ಅಲ್ಲಿ ಇನ್ನೂ ಒಬ್ಬರು ನಿಂತು ೨೩೯ನೆಯದನ್ನು ಎಣಿಸಲಿ ಎಂದು ಆಕೆಯನ್ನು ಕಳಿಸಿಕೊಡುತ್ತಾನೆ.

ಕಾದಂಬರಿಯ ಇನ್ನೊಂದು ಒಳ್ಳೆಯ ಪಾತ್ರ ಹೆನ್ರಿ ವು ಎಂಬ ತರುಣ ವಿಜ್ಞಾನಿಯದು. ಪ್ರಾಣಿಗಳನ್ನು ಹುಟ್ಟಿಸಿದ ಕೈ ಅವನದು. ಆದರೆ ಹುಟ್ಟಿದ ಪ್ರಾಣಿಯ ಶೀಲಸ್ವಭಾವಗಳನ್ನು ಅವನು ಅರಿಯ. ಅರಿಯಲು ಅವನಿಗೆ ಪುರುಸೊತ್ತೂ ಇಲ್ಲ. ಯಂತ್ರದ ಮಾದರಿಗಳಿಗೆ ಸಂಖ್ಯೆ ಕೊಡುವಂತೆ ಅವನು ಪ್ರಾಣಿಗಳ ಆವೃತ್ತಿಗಳಿಗೆ ಸಂಖ್ಯೆ ಕೊಡುತ್ತಾನೆ. ಇವು ಬಹಳ ಚುರುಕಾಗಿವೆ, ಮುಂದಿನ ಆವೃತ್ತಿಯಲ್ಲಿ ನಿಧಾನವಾದ, ಪಳಗಿದ ಪ್ರಾಣಿಗಳನ್ನು ಮಾಡೋಣವೆಂದು ಹ್ಯಾಮಂಡನಿಗೆ ಸೂಚಿಸುತ್ತಾನೆ. ಜನರಿಗೆ ನಿಜವಾದ ಡೈನೊಸಾರ್ ಬೇಕೆಂದು ಹ್ಯಾಮಂಡ್ ವಾದಿಸುತ್ತಾನೆ. ಈಗಿರುವವೂ ನಿಜವಾದವಲ್ಲ, ನಾವು ಕಟ್ಟಿದವು ಎಂಬುದು ವುನ ಉತ್ತರ. ಇಬ್ಬರೂ ಜೀವದ ಮಾತನ್ನೇ ಆಡುತ್ತಿದ್ದಾರೆ. ಆದರೆ ಒಬ್ಬನಿಗೆ ಅದು ಸರಕು, ಇನ್ನೊಬ್ಬನಿಗೆ ಕರಡುಪ್ರತಿ. ಅದರ ಪಾಲಕರು ಯಾರೆಂಬ ಪ್ರಶ್ನೆ ಇಬ್ಬರಿಗೂ ಬರುವುದಿಲ್ಲ.

ನಮ್ಮ ಶರಣರು ಸ್ಥಾವರ ಮತ್ತು ಜಂಗಮ ಎಂಬ ವಿವೇಚನೆಯನ್ನು ಮಾಡಿದರು. ಚಲಿಸುವುದು, ಬೆಳೆಯುವುದು, ಮಾರ್ಪಡುವುದು ಜಂಗಮದ ಲಕ್ಷಣ. ಹ್ಯಾಮಂಡನ ಉದ್ಯಾನವು ಜಂಗಮವನ್ನು ಸ್ಥಾವರವಾಗಿ ನಿಲ್ಲಿಸುವ ಪ್ರಯತ್ನ: ಬೇಲಿಯೊಳಗೆ, ಸಂಖ್ಯೆಯೊಳಗೆ, ಒಡೆತನದ ಪತ್ರದೊಳಗೆ. ಜೀವವು ಹಾಗೆ ನಿಲ್ಲುವ ವಸ್ತುವಲ್ಲವೆಂಬುದನ್ನು ಪರದೇಶದ ಈ ಲೇಖಕರು ತಮ್ಮದೇ ದಾರಿಯಲ್ಲಿ ಬಂದು ಕಂಡುಕೊಂಡಿದ್ದಾರೆ. ಪುಸ್ತಕದ ಪ್ರಾರಂಭದಲ್ಲಿಯೇ ಅವರು ತಮ್ಮ ಕಳವಳವನ್ನು ನೇರವಾಗಿ ತೋಡಿಕೊಂಡಿದ್ದಾರೆ. ಜೈವಿಕ ತಂತ್ರಜ್ಞಾನದ ಸಂಶೋಧನೆ ಎಲ್ಲೆಡೆಯೂ ನಡೆಯುತ್ತಿದೆ, ಬಹುಭಾಗ ಹಗುರವಾದ ಉದ್ದೇಶಗಳಿಗಾಗಿ ನಡೆಯುತ್ತಿದೆ, ಯಾರ ಹತೋಟಿಯೂ ಇಲ್ಲದೆ ನಡೆಯುತ್ತಿದೆ ಎಂಬುದು ಅದರ ಸಾರ.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದು ಪಾತ್ರಗಳದು. ವು ಒಬ್ಬನನ್ನು ಬಿಟ್ಟರೆ ಉಳಿದವರು ಕಥೆಯ ಯಂತ್ರದ ಹಲ್ಲುಗಳು. ಲೋಭಿಯು ಮೊದಲಿನಿಂದ ಕೊನೆಯವರೆಗೂ ಲೋಭಿ, ಕಳ್ಳನು ಕಳ್ಳ, ಮ್ಯಾಲ್ಕಮ್ ಗಾಯಗೊಂಡು ಮಲಗಿದಾಗಲೂ ಉಪನ್ಯಾಸವನ್ನು ನಿಲ್ಲಿಸುವುದಿಲ್ಲ. ಪ್ರವಚನಕಾರರಾದ ನಮಗೇ ಅವನ ಮಾತು ದೀರ್ಘವೆನಿಸಿತು.

ಎರಡನೆಯ ದೋಷ ಹೆಚ್ಚು ಆಳದ್ದು. ಅದು ಈ ಒಂದು ಕಾದಂಬರಿಯದಲ್ಲ, ರೋಮಾಂಚಕ ಕಾದಂಬರಿಯೆಂಬ ಪ್ರಕಾರದ್ದೇ. ಇಂಥ ಕಥೆ ಓದುಗನಲ್ಲಿ ಎಬ್ಬಿಸುವ ಪ್ರಶ್ನೆ ‘ಯಾರು ಬದುಕಿ ಉಳಿಯುವರು?’ ಎಂಬುದು. ‘ಹೊಣೆ ಯಾರದು?’ ಎಂಬ ಪ್ರಶ್ನೆಯನ್ನು ಆ ಕುತೂಹಲ ನುಂಗಿಹಾಕುತ್ತದೆ. ಹ್ಯಾಮಂಡನನ್ನು ಅವನೇ ಹುಟ್ಟಿಸಿದ ಪುಟ್ಟ ಪ್ರಾಣಿಗಳು ಕೊಲ್ಲುತ್ತವೆ. ಮಾಡಿದ್ದುಣ್ಣೋ ಮಹಾರಾಯ ಎಂದು ಓದುಗನಿಗೆ ಸಮಾಧಾನ. ಕೊನೆಗೆ ಆ ದೇಶದ ಸೈನ್ಯದ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕುತ್ತವೆ. ಕೇಡು ಸುಟ್ಟುಹೋಯಿತೆಂದು ಇನ್ನೊಂದು ಸಮಾಧಾನ. ಕೆಲವು ಪ್ರಾಣಿಗಳು ಆಗಲೇ ದ್ವೀಪ ದಾಟಿ, ಲೈಸಿನ್ ಹೇರಳವಾಗಿರುವ ಕಾಳುಗಳನ್ನೂ ಕೋಳಿಗಳನ್ನೂ ತಿನ್ನುತ್ತ ಕಾಡಿನಲ್ಲಿ ಸಾಗುತ್ತಿವೆಯೆಂಬ ಸೂಚನೆಯನ್ನು ಲೇಖಕರು ಕೊಟ್ಟಿದ್ದಾರೆ. ಆದರೆ ಸದ್ದು ಗದ್ದಲದ ನಡುವೆ ಆ ಸೂಚನೆ ಎಷ್ಟು ಜನರ ಕಿವಿಗೆ ಬಿದ್ದೀತು? ಕೇಡಿಗೆ ಯಾವಾಗಲೂ ದೊಡ್ಡ ಹಲ್ಲುಗಳಿರುತ್ತವೆ, ಅದು ಗರ್ಜಿಸಿಕೊಂಡೇ ಬರುತ್ತದೆ ಎಂಬ ತಪ್ಪು ಪಾಠವನ್ನು ಈ ಕಾದಂಬರಿ ತನಗರಿಯದೆ ಕಲಿಸಿಬಿಡುತ್ತದೆ.

ಇಲ್ಲಿ ಕನ್ನಡದ ಒಂದು ಕೃತಿ ನೆನಪಿಗೆ ಬರುವುದು ಸಹಜ. ‘ಜುರಾಸಿಕ್ ಪಾರ್ಕ್’ ಬರುವುದಕ್ಕೆ ಹತ್ತು ವರ್ಷ ಮೊದಲು, ೧೯೮೦ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾಯಿತು. ಅಲ್ಲಿಯೂ ಒಬ್ಬ ವಿಜ್ಞಾನಿ. ಅಲ್ಲಿಯೂ ಪುರಾತನ ಕಾಲದಿಂದ ಉಳಿದುಬಂದ ಒಂದು ಹಾರುವ ಓತಿಯ ಬೆನ್ನಟ್ಟುವಿಕೆ. ಆದರೆ ಮಲೆನಾಡಿನ ಈ ತಂಡದಲ್ಲಿ ವಿಜ್ಞಾನಿಯ ಜೊತೆಗೆ ಇರುವವರು ಮಂದಣ್ಣ, ಎಂಗ್ಟ, ಕರಿಯಪ್ಪ ಮುಂತಾದವರು ಮತ್ತು ಕಿವಿಯೆಂಬ ನಾಯಿ. ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಊರಿನವರು ದಡ್ಡನೆಂದು ತಿಳಿದಿದ್ದ ಮಂದಣ್ಣ. ಕರ್ವಾಲೊ ಅವನಿಂದ ಕಲಿಯಲು ಸಿದ್ಧರಾಗಿರುವ ವಿದ್ವಾಂಸರು. ಕೊನೆಗೆ ಓತಿ ಎದುರಿಗೆ ಕಾಣಿಸುತ್ತದೆ; ಕೈಗೆ ಸಿಗುವ ಮುನ್ನ ಕಣಿವೆಯ ಆಳಕ್ಕೆ ತೇಲಿ ಮರೆಯಾಗುತ್ತದೆ. ಯಾರೂ ಸಾಯುವುದಿಲ್ಲ, ಯಾವ ಬೇಲಿಯೂ ಮುರಿಯುವುದಿಲ್ಲ. ಆದರೂ ಪುಸ್ತಕ ಮುಚ್ಚಿದಾಗ ಓದುಗನು ಜೀವಸೃಷ್ಟಿಯ ಮುಂದೆ ಚಿಕ್ಕವನಾಗಿ ನಿಲ್ಲುತ್ತಾನೆ.

ಎರಡೂ ಕೃತಿಗಳು ಹೇಳುವುದು ಜೀವವು ಮನುಷ್ಯನ ಹಿಡಿತಕ್ಕೆ ಸಿಗದೆಂಬುದನ್ನೇ. ಅಮೆರಿಕೆಯ ಕಾದಂಬರಿಯಲ್ಲಿ ಹಿಡಿತ ತಪ್ಪುವುದು ಶಿಕ್ಷೆಯಾಗಿ ಬರುತ್ತದೆ. ಕನ್ನಡದ ಕಾದಂಬರಿಯಲ್ಲಿ ಅದು ದರ್ಶನವಾಗಿ ಬರುತ್ತದೆ. ಹೆದರಿಕೆಯಿಂದ ಹುಟ್ಟಿದ ಎಚ್ಚರ ಒಂದು ರಾತ್ರಿಯದು; ವಿಸ್ಮಯದಿಂದ ಹುಟ್ಟಿದ ವಿನಯ ಬಾಳಿಕೆಯದು. ತಳಿವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಕೆ.ಎನ್. ಗಣೇಶಯ್ಯನವರಂಥವರು ಸಂಶೋಧನೆಯ ರೋಚಕ ಕಥೆಗಳನ್ನು ಕನ್ನಡದಲ್ಲಿಯೇ ಬರೆದು ದೊಡ್ಡ ಓದುಗ ಬಳಗವನ್ನು ಗಳಿಸಿದ್ದಾರೆ. ಆದುದರಿಂದ ಈ ಪ್ರಕಾರವನ್ನು ಹಗುರವೆಂದು ಬದಿಗೆ ಸರಿಸದೆ, ಅದು ನಮ್ಮ ಮಕ್ಕಳಿಗೆ ಯಾವ ಬಗೆಯ ಎಚ್ಚರವನ್ನು ಕಲಿಸುತ್ತಿದೆಯೆಂದು ನೋಡುವುದು ಅವಶ್ಯ.

ಈ ಪ್ರಶ್ನೆ ನಮ್ಮ ಎರೆಹೊಲಗಳಿಗೆ ಹೇಗೆ ಸಂಬಂಧಿಸುತ್ತದೆ ಎಂದು ವಾಚಕರು ಕೇಳಬಹುದು. ಬಹಳ ಹತ್ತಿರದ ಸಂಬಂಧವಿದೆ. ಹುನಗುಂದ, ಬಾದಾಮಿ, ಬಾಗಲಕೋಟೆಗಳ ರೈತನಿಗೆ ಹತ್ತಿಯ ತಳಿ ಬದಲಾಗುವುದು ಹೊಸದಲ್ಲ. ಮಳೆಯನ್ನೇ ನಂಬಿ ಬೆಳೆಯುವ ಜಯಧರ ಹತ್ತಿಯನ್ನು ನಮ್ಮ ಹಿರಿಯರು ಬಲ್ಲರು. ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಕಾತರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿಯನ್ನು ರೂಪಿಸಿದರು. ಎರಡು ಜಾತಿಗಳ ನಡುವಿನ ಸಂಕರದಿಂದ ಹೊಲಕ್ಕೆ ಬಂದ ಹತ್ತಿಗಳಲ್ಲಿ ಅದು ಜಗತ್ತಿನಲ್ಲಿಯೇ ಮೊದಲನೆಯದೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ೧೯೮೧ರಲ್ಲಿ ಅಲ್ಲಿಂದಲೇ ಜಯಲಕ್ಷ್ಮಿ, ಎಂದರೆ ರೈತರ ಬಾಯಲ್ಲಿ ಡಿ.ಸಿ.ಎಚ್., ಬಂದಿತು. ಇವೆಲ್ಲ ಹತ್ತಿಗೆ ಹತ್ತಿಯನ್ನೇ ಕೂಡಿಸಿದ ಕೆಲಸ. ಅನಂತರ ಬಂದ ಬಿ.ಟಿ. ಹತ್ತಿ ಬೇರೆಯ ಬಗೆಯದು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಹತ್ತಿಯ ಬೀಜದೊಳಗೆ ಸೇರಿಸಿ, ಕಾಯಿಕೊರಕ ಹುಳುವಿಗೆ ವಿಷವಾಗುವ ಪದಾರ್ಥವನ್ನು ಗಿಡವೇ ತಯಾರಿಸಿಕೊಳ್ಳುವಂತೆ ಮಾಡಿದ ಕುಲಾಂತರಿ ಅದು.

೧೯೯೮ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಅದರ ಪ್ರಯೋಗದ ಬೆಳೆಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದವರು ಕಿತ್ತು ಸುಟ್ಟರು. ಹೊಲದ ಒಡೆಯರಿಗೆ ತಾವು ಏನನ್ನು ಬೆಳೆಯುತ್ತಿದ್ದೇವೆಂಬುದನ್ನೇ ಸರಿಯಾಗಿ ತಿಳಿಸಿಲ್ಲವೆಂಬುದು ಅವರ ಆರೋಪವಾಗಿತ್ತು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ದಿನಗಳಲ್ಲಿ ಊರೂರಿಗೆ ಹರಡಿದ ಭಯ ಬೇರೆಯಾಗಿತ್ತು: ಈ ಬೀಜದೊಳಗೆ ‘ಟರ್ಮಿನೇಟರ್’ ಇದೆ, ಬೆಳೆದ ಬೀಜ ಮತ್ತೆ ಮೊಳೆಯದು, ಅಕ್ಕಪಕ್ಕದ ಹೊಲಗಳೂ ಬಂಜೆಯಾಗುತ್ತವೆ ಎಂದು. ಬಿ.ಟಿ. ಹತ್ತಿಯಲ್ಲಿ ಅಂಥ ವಂಶವಾಹಿ ಇರಲಿಲ್ಲ. ಅಂಥ ಬೀಜವನ್ನು ಮಾರುಕಟ್ಟೆಗೆ ತರುವುದಿಲ್ಲವೆಂದು ಮಾನ್ಸಾಂಟೊ ಕಂಪನಿಯೂ ೧೯೯೯ರಲ್ಲಿ ಘೋಷಿಸಿತು. ನಾವು ಅಂದು ಅಂಜಿದ್ದು ಹಲ್ಲುಳ್ಳ ದೈತ್ಯನಿಗೆ. ಆ ದೈತ್ಯ ಬರಲಿಲ್ಲ. ಬರಲಿಲ್ಲವೆಂದು ನಿಶ್ಚಿಂತರಾದೆವು.

ಮುಂದೆ ನಡೆದದ್ದನ್ನು ಕಾದಂಬರಿಯೊಡನೆ ಇಟ್ಟು ನೋಡಬೇಕು. ೨೦೦೨ರ ಮಾರ್ಚಿನಲ್ಲಿ ಭಾರತ ಸರಕಾರವು ಬಿ.ಟಿ. ಹತ್ತಿಗೆ ಅನುಮತಿ ಕೊಟ್ಟಿತು. ಆದರೆ ೨೦೦೧ರಲ್ಲಿಯೇ, ಅನುಮತಿಗೆ ಮೊದಲೇ, ಗುಜರಾತಿನಲ್ಲಿ ಸುಮಾರು ೧೦,೦೦೦ ಹೆಕ್ಟೇರ್ ಹೊಲದಲ್ಲಿ ಅದೇ ವಂಶವಾಹಿಯುಳ್ಳ ಹತ್ತಿ ಬೇರೊಂದು ಹೆಸರಿನಿಂದ ಬೆಳೆದು ನಿಂತಿರುವುದು ಪತ್ತೆಯಾಯಿತು. ದ್ವೀಪದ ಬಾಗಿಲು ತೆರೆಯುವ ಮುನ್ನವೇ ಪ್ರಾಣಿ ಆಚೆಯ ದಡದಲ್ಲಿತ್ತು. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕದ ಕಾಟ ಕಡಿಮೆಯಾಯಿತು. ತೊಂಬತ್ತರ ದಶಕದಲ್ಲಿ ಸಾಲ ಮಾಡಿ ಔಷಧ ಹೊಡೆದು ಹೊಡೆದು ಸೋತಿದ್ದ ರೈತನಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು. ರೈತನು ಮೋಸಹೋಗಿ ಅದನ್ನು ಬಿತ್ತಿದನೆಂದು ಪೇಟೆಯಲ್ಲಿ ಕುಳಿತು ಹೇಳುವವರು ಆ ವರ್ಷಗಳ ಅವನ ಹೊಲವನ್ನು ಕಂಡವರಲ್ಲ. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿ.ಟಿ.ಯೇ ಆಯಿತು.

ಹುಳು ಈ ವಿಷಕ್ಕೆ ಒಗ್ಗಿಕೊಳ್ಳಬಾರದೆಂದು ವಿಜ್ಞಾನಿಗಳು ಒಂದು ಉಪಾಯ ಹೇಳಿದ್ದರು. ಹೊಲದ ಅಂಚಿಗೆ ಬಿ.ಟಿ. ಅಲ್ಲದ ಹತ್ತಿಯ ಸಾಲುಗಳನ್ನು ಹಾಕಬೇಕು. ಅಲ್ಲಿ ಬೆಳೆದ, ವಿಷಕ್ಕೆ ಒಗ್ಗದ ಹುಳುಗಳು ಒಗ್ಗಿದವುಗಳೊಡನೆ ಕೂಡಿ ಸಂತಾನದ ಬಲ ತಗ್ಗುತ್ತದೆ ಎಂಬುದು ಅದರ ತತ್ತ್ವ. ಅದಕ್ಕಾಗಿ ೪೫೦ ಗ್ರಾಮಿನ ಬೀಜದ ಪೊಟ್ಟಣದ ಜೊತೆಗೆ ೧೨೦ ಗ್ರಾಮಿನ ಇನ್ನೊಂದು ಚಿಕ್ಕ ಪೊಟ್ಟಣವನ್ನು ಇಟ್ಟು ಮಾರಿದರು. ಕಾಗದದ ಮೇಲೆ ಬೇಲಿ ಗಟ್ಟಿಯಾಗಿತ್ತು. ಆದರೆ ನಾಲ್ಕಾರು ಎಕರೆಯ ಒಕ್ಕಲಿಗನು ಹುಳುವಿಗಾಗಿ ಸಾಲು ಬಿಡುವನೇ? ಏಕೆ ಬಿಡಬೇಕೆಂಬುದನ್ನು ಅವನ ಅಂಗಳಕ್ಕೆ ಬಂದು ತಿಳಿಸಿದವರು ಎಷ್ಟು ಜನ? ಆ ಚಿಕ್ಕ ಪೊಟ್ಟಣಗಳಲ್ಲಿ ಬಹಳಷ್ಟು ಬದುವಿನ ಮೇಲೆಯೇ ಬಿದ್ದು ಒಣಗಿದವು. ೨೦೧೦ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲನೆಯ ಬಿ.ಟಿ.ಯನ್ನು ಜೀರ್ಣಿಸಿಕೊಂಡಿದೆಯೆಂದು ಕಂಪನಿಯೇ ಒಪ್ಪಿಕೊಂಡಿತು. ಎರಡು ವಂಶವಾಹಿಗಳ ಎರಡನೆಯ ಬಿ.ಟಿ. ೨೦೦೬ರಲ್ಲಿಯೇ ಬಂದಿತ್ತು, ಕೆಲವು ವರ್ಷಗಳಲ್ಲಿ ಅದನ್ನೂ ಹುಳು ಗೆದ್ದಿತು. ಗರ್ಜನೆಯಿಲ್ಲ, ಓಡಾಟವಿಲ್ಲ. ಕಾಯಿಯನ್ನು ಒಡೆದು ನೋಡಿದರೆ ಒಳಗೆ ಗುಲಾಬಿ ಬಣ್ಣದ ಪುಟ್ಟ ಹುಳು.

ಇದೇ ನಮ್ಮ ೨೩೯ನೆಯ ಪ್ರಾಣಿ. ಕಂಪನಿಯು ಮಾರಿದ ಪೊಟ್ಟಣಗಳನ್ನು ಎಣಿಸಿತು. ಸರಕಾರವು ಗಂಟುಕಟ್ಟಿದ ಅರಳೆಯನ್ನು ಎಣಿಸಿತು. ರೈತನು ಕ್ವಿಂಟಲ್ ಎಣಿಸಿದನು. ಹೋರಾಟಗಾರರು ಸುಟ್ಟ ಹೊಲಗಳನ್ನು ಎಣಿಸಿದರು. ಪೀಠದ ಮೇಲೆ ಕುಳಿತ ನಮ್ಮಂಥವರು ತಲೆದೂಗಿದ ಸಭಿಕರನ್ನು ಎಣಿಸಿದೆವು. ಎಲ್ಲರಿಗೂ ಬೇಕಾದ ಸಂಖ್ಯೆ ಸಿಕ್ಕಿತು. ಹುಳುವನ್ನು ಎಣಿಸುವ ಕೆಲಸ ಯಾರ ಪಾಲಿಗೂ ಬರಲಿಲ್ಲ. ಈ ಮಾತನ್ನು ಹೇಳಿಕೊಡುವ ಶಕ್ತಿ ಕ್ರೈಟನ್ನರ ಕಾದಂಬರಿಯಲ್ಲಿದೆ. ಆದರೆ ಅದರ ಆರ್ಭಟವೇ ಆ ಮಾತನ್ನು ಮುಚ್ಚಿಹಾಕುತ್ತದೆ ಎಂಬುದು ನಮ್ಮ ವಿಮರ್ಶೆಯ ಸಾರಾಂಶ.

ಎಲ್ಲ ಸಲವೂ ಹೀಗೆಯೇ ಆಯಿತೆಂದಲ್ಲ. ಬಿ.ಟಿ. ಬದನೆಗೆ ತಜ್ಞರ ಸಮಿತಿಯ ಒಪ್ಪಿಗೆ ೨೦೦೯ರಲ್ಲಿ ದೊರೆತಾಗ, ಕೇಂದ್ರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದು ರೈತರ, ವಿಜ್ಞಾನಿಗಳ, ಗೃಹಿಣಿಯರ ಮಾತನ್ನು ಕೇಳಿದರು. ೨೦೧೦ರ ಫೆಬ್ರವರಿ ೯ರಂದು ಅದನ್ನು ತಡೆಹಿಡಿದರು. ತಡೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬಿತ್ತುವ ಮೊದಲು ಕೇಳಬೇಕು ಎಂಬ ಸಂಪ್ರದಾಯವೊಂದು ಅಲ್ಲಿ ಕಾಣಿಸಿತೆಂಬುದು ಮುಖ್ಯ. ಈ ವಿದ್ಯೆಯ ಇನ್ನೊಂದು ಮುಖವನ್ನೂ ಮರೆಯಬಾರದು. ೨೦೧೮ರಲ್ಲಿ ಚೀನದ ವಿಜ್ಞಾನಿಯೊಬ್ಬನು ಯಾರನ್ನೂ ಕೇಳದೆ ಭ್ರೂಣಗಳ ವಂಶವಾಹಿಯನ್ನು ತಿದ್ದಿ ಅವಳಿ ಹೆಣ್ಣುಮಕ್ಕಳ ಜನನಕ್ಕೆ ಕಾರಣನಾಗಿ ಸೆರೆಮನೆಗೆ ಹೋದನು. ೨೦೨೩ರಲ್ಲಿ ಅದೇ ತಂತ್ರವು, ಪ್ರಯೋಗಗಳ ಎಲ್ಲ ಮೆಟ್ಟಿಲುಗಳನ್ನೂ ಏರಿ, ಕುಡಗೋಲು ಕಣ ರೋಗಕ್ಕೆ ಚಿಕಿತ್ಸೆಯಾಗಿ ಬ್ರಿಟನ್ನಿನಲ್ಲಿಯೂ ಅಮೆರಿಕೆಯಲ್ಲಿಯೂ ಒಪ್ಪಿಗೆ ಪಡೆಯಿತು. ನಮ್ಮ ರಾಜ್ಯದ ದಕ್ಷಿಣದ ಗಿರಿಜನರಲ್ಲಿಯೂ ಇರುವ ರೋಗವದು. ಕೈ ಒಂದೇ, ಕತ್ತರಿ ಒಂದೇ. ಹೊಣೆ ಹೊತ್ತವನ ಕೆಲಸ ಬೇರೆ, ಹೊರದವನ ಕೆಲಸ ಬೇರೆ.

ಎಂಟು ದಿನಗಳ ಮೇಲೆ ತಂದೆ ಮಗಳು ಮತ್ತೆ ಬಂದರು. ಅಂದು ಮಠದಲ್ಲಿ ಇಳಕಲ್ಲಿನ ನೇಕಾರ ಭಕ್ತರೊಬ್ಬರೂ ಇದ್ದರು. ಅವರನ್ನು ತೋರಿಸಿ ನಾವು ತಂದೆಗೆ ಹೇಳಿದೆವು: “ಇಳಕಲ್ಲ ಸೀರಿಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸತಾರ. ಬೇರೆ ಬೇರೆ ನೂಲು ಕೂಡಿಸೋದು ಪಾಪ ಅಲ್ಲ, ಅದು ಕಾಯಕ. ನಿಮ್ಮ ಮಗಳು ಕಲಿಯೋದೂ ಒಂದು ಕೊಂಡಿಯ ವಿದ್ಯಾನ.” ಮಗಳಿಗೆ ಹೇಳಿದ್ದು ಬೇರೆ: “ತಂಗಿ, ನೇಕಾರ ಕೊಂಡಿ ತಪ್ಪಿದರ ಬಿಚ್ಚಿ ಮತ್ತ ಹಾಕತಾನ. ನಿನ್ನ ಕೊಂಡಿ ಒಮ್ಮೆ ಹೊಲಕ್ಕ ಹೋದರ ಬಿಚ್ಚಾಕ ಬರೂದುಲ್ಲ. ಅಷ್ಟು ನೆನಪಿಡು.” ತಂದೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರ ಅಂದ ಪ್ರವಚನದಾಗ ಹೇಳಿದ್ದು, ಅಪ್ಪಾರ?” ಎಂದರು. “ಅದು ನಮ್ಮ ತಪ್ಪು,” ಎಂದೆವು. ಇಷ್ಟು ಚಿಕ್ಕ ಮಾತನ್ನು ಹೇಳುವುದಕ್ಕೆ ನಮಗೂ ಸ್ವಲ್ಪ ಹೊತ್ತು ಬೇಕಾಯಿತು.

ಆಕೆ ಈಗ ವ್ಯಾಸಂಗ ಮಾಡುತ್ತಿದ್ದಾಳೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ತಂದೆಯ ಹೊಲದಲ್ಲಿ ಮೋಹಕ ಬಲೆಗಳನ್ನು ಕಟ್ಟಿ, ದಿನವೂ ಬೆಳಿಗ್ಗೆ ಅವುಗಳಲ್ಲಿ ಬಿದ್ದ ಪತಂಗಗಳನ್ನು ಎಣಿಸಿ ವಹಿಯಲ್ಲಿ ಬರೆದಿಟ್ಟಿದ್ದಳಂತೆ. ಅವಳು ಮರಳಿ ಹೋದ ಮೇಲೆ ತಂದೆಯೇ ಆ ಎಣಿಕೆಯನ್ನು ಮುಂದುವರಿಸಿದ್ದಾರೆ. ವಹಿಯನ್ನು ತಂದು ನಮಗೆ ತೋರಿಸಿದರು. ಬಂದ ಸಂಖ್ಯೆಗಳು ಸಂತೋಷಪಡುವಂಥವಲ್ಲ. ಆದರೂ ಅವರು ಒಂದನ್ನೂ ಬಿಟ್ಟಿರಲಿಲ್ಲ.

ನಮ್ಮ ಮಠದ ಪ್ರಸಾದ ನಿಲಯದಲ್ಲಿ ಓದಿ ಹೋದ ಅನೇಕರು ಇಂದು ವೈದ್ಯರಾಗಿ, ಕೃಷಿ ಅಧಿಕಾರಿಗಳಾಗಿ, ಸಂಶೋಧಕರಾಗಿ ದೂರದ ಊರುಗಳಲ್ಲಿದ್ದಾರೆ. ಅವರು ಈ ಕಾದಂಬರಿಯನ್ನು ಓದಲಿ. ಜೊತೆಗೆ ‘ಕರ್ವಾಲೊ’ವನ್ನೂ ಓದಲಿ. ಮೊದಲನೆಯದನ್ನು ಓದುವಾಗ ದೈತ್ಯರ ಪುಟಗಳನ್ನು ಬೇಗ ಬೇಗ ತಿರುವಿದರೂ ಅಡ್ಡಿಯಿಲ್ಲ. ಎಣಿಕೆಯ ಪುಟಗಳಲ್ಲಿ ಮಾತ್ರ ನಿಲ್ಲಲಿ. ತಮ್ಮ ತಮ್ಮ ಕಾಯಕದಲ್ಲಿ, ಬಯಸಿದ ಸಂಖ್ಯೆ ಸಿಕ್ಕ ಮೇಲೆಯೂ ಇನ್ನೊಂದು ಸಲ ಎಣಿಸುವ ಧೈರ್ಯವು ಅವರಿಗೆ ಬರಲಿ ಎಂದು ಹಾರೈಸುತ್ತೇವೆ.